ಎರಡನೇ ಸಹಿ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ನನ್ನ ಲ್ಯಾಬಿನಲ್ಲಿ ಕೆಲಸ ಮಾಡುವ ಸಿರಿಯಾ ದೇಶದ ಇಬ್ಬರು ಹೆಂಗಸರ ವಿಷಯ ಇದು. ಬರೆಯಲೇ ಎಂದು ಕೇಳಿದಾಗ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಬರೆಯಿರಿ, ಹೆಸರು ಮಾತ್ರ ಬೇಡ, ಅಲ್ಲಿ ನಮ್ಮವರು ಇನ್ನೂ ಇದ್ದಾರೆ. ಅವರಿಬ್ಬರಿಗೂ ಒಮ್ಮತ ಇದ್ದ ವಿಷಯ ಬಹುಶಃ ಅದೊಂದೇ. ಹಾಗಾಗಿ ಒಬ್ಬಳನ್ನು ದೊಡ್ಡವಳು, ಇನ್ನೊಬ್ಬಳನ್ನು ಚಿಕ್ಕವಳು ಎನ್ನುತ್ತೇನೆ. ದೊಡ್ಡವಳಿಗೆ ಐವತ್ತು ದಾಟಿದೆ. ಚಿಕ್ಕವಳಿಗೆ ಮೂವತ್ತನಾಲ್ಕು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಮೂವರದೂ ಮೂರು ಥರದ ಇಂಗ್ಲಿಷು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಅಮೆರಿಕದ ಬ್ರಿಡ್ಜ್‌ವಾಟರ್ ಹತ್ತಿರದ ಒಂದು ಔಷಧಿ ಕಂಪನಿಯ ಟೆಸ್ಟಿಂಗ್ ಲ್ಯಾಬು ನಮ್ಮದು. ಡಬ್ಬಿಯ ಮೇಲೆ ಬರೆದಷ್ಟು ಮದ್ದು ಮಾತ್ರೆಯೊಳಗೆ ನಿಜವಾಗಿ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದೇನೆ, ಈಗ ಏಳು ಜನಕ್ಕೆ ಮ್ಯಾನೇಜರ್. ನನ್ನ ಬಾಯಿ ಜೋರು ಎಂದು ಲ್ಯಾಬಿನಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಇರಬಹುದು. ಮದ್ದಿನ ಕೆಲಸದಲ್ಲಿ ಮೆತ್ತಗಿದ್ದರೆ ನಡೆಯುವುದಿಲ್ಲ.

ನಮ್ಮಲ್ಲಿ ಪುಡಿ ತೂಗುವಾಗ ಒಬ್ಬರೇ ತೂಗುವಂತಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತಿರಬೇಕು. ಬಾಟಲಿಯ ಮೇಲಿನ ನಂಬರನ್ನು ಓದಬೇಕು, ತೂಕವನ್ನು ಕಣ್ಣಾರೆ ನೋಡಬೇಕು, ಆಮೇಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ಮೊದಲನೇ ಸಹಿ ‘ನಾನು ಮಾಡಿದೆ’ ಎಂದು. ಎರಡನೇ ಸಹಿ ‘ನಾನು ನೋಡಿದೆ’ ಎಂದು. ಎರಡನೇ ಸಹಿ ಇಲ್ಲದಿದ್ದರೆ ಆ ತೂಕ ಲೆಕ್ಕಕ್ಕೇ ಇಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದು ಅವಮಾನ ಅನ್ನಿಸುತ್ತದೆ, ನನ್ನನ್ನು ನಂಬುವುದಿಲ್ಲವೇ ಎಂದು ಮುಖ ಊದಿಸಿಕೊಳ್ಳುತ್ತಾರೆ. ನಂಬಿಕೆಯ ಪ್ರಶ್ನೆ ಅಲ್ಲಮ್ಮ, ನಿನ್ನೆ ರಾತ್ರಿ ನಿನಗೆ ನಿದ್ದೆ ಬಂತೋ ಇಲ್ಲವೋ ಮಾತ್ರೆ ನುಂಗುವವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಎರಡು ಜೊತೆ ಕಣ್ಣು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ದೊಡ್ಡವಳೂ ಚಿಕ್ಕವಳೂ ಆರು ವರ್ಷದಿಂದ ಒಬ್ಬರಿಗೊಬ್ಬರು ಎರಡನೇ ಸಹಿ. ನಾನೇ ಜೋಡಿ ಮಾಡಿದ್ದು. ಇಬ್ಬರೂ ಒಂದೇ ದೇಶದವರು, ಒಂದೇ ಭಾಷೆ, ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಎಂದುಕೊಂಡೆ. ಹೊಂದಿಕೊಂಡರು ಕೂಡ. ತಕ್ಕಡಿಯ ಮುಂದೆ ಅರಬ್ಬಿಯಲ್ಲಿ ನಂಬರು ಓದಿ ನನ್ನ ಹತ್ತಿರ ಬೈಸಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ಅವರ ಪುಸ್ತಕದಲ್ಲಿ ನನಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಪ್ರತಿ ವರ್ಷ ಬರುವ ಇನ್‌ಸ್ಪೆಕ್ಟರುಗಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಆ ಪುಸ್ತಕವನ್ನೇ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವರ ದೇಶದ ಸರ್ವಾಧಿಕಾರಿ ಓಡಿಹೋದ ಸುದ್ದಿ ಬಂತು. ಐವತ್ತಕ್ಕೂ ಹೆಚ್ಚು ವರ್ಷ ಅಪ್ಪ, ಆಮೇಲೆ ಮಗ ಆಳಿದ ದೇಶ. ದೊಡ್ಡವಳು ಇರುವುದು ಪ್ಯಾಟರ್ಸನ್‌ನಲ್ಲಿ, ಅಲ್ಲಿ ಸಿರಿಯಾದವರು ತುಂಬ. ಆವತ್ತು ಅವರ ಬೀದಿಯಲ್ಲಿ ಜನ ಕಾರಿನ ಹಾರ್ನ್ ಒತ್ತಿಕೊಂಡು ಬಾವುಟ ಹಿಡಿದು ಕುಣಿದರಂತೆ. ಅವಳು ನನಗೆ ವಿಡಿಯೋ ಕಳಿಸಿದಳು. ನಾನು ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಎರಡು ಡಬ್ಬ ಮೈಸೂರು ಪಾಕು ತಂದೆ. ಸೋಮವಾರ ಬೆಳಿಗ್ಗೆ ಬ್ರೇಕ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿ, ಒಂದು ಡಬ್ಬ ದೊಡ್ಡವಳ ಕೈಗೆ, ಒಂದು ಚಿಕ್ಕವಳ ಕೈಗೆ ಕೊಟ್ಟು, “ಕಂಗ್ರಾಜುಲೇಷನ್ಸ್, ನಿಮ್ಮ ದೇಶ ನಿಮಗೆ ವಾಪಸ್ ಸಿಕ್ಕಿತು” ಎಂದು ಭಾಷಣ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವಳು ಅತ್ತಳು, ನನ್ನನ್ನು ತಬ್ಬಿಕೊಂಡಳು. ಚಿಕ್ಕವಳು ಥ್ಯಾಂಕ್ಸ್ ಎಂದು ಒಂದು ತುಂಡು ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಳು. ಡಯಟ್ ಇರಬೇಕು ಎಂದುಕೊಂಡೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅದೇ ವಾರ ಲ್ಯಾಬಿನ ಹತ್ತಿರದ ದೇವಸ್ಥಾನದ ಕ್ಯಾಂಟೀನಿಗೆ ಇಬ್ಬರನ್ನೂ ಮಧ್ಯಾಹ್ನ ಕರೆದುಕೊಂಡು ಹೋದೆ. ಮೂರು ಮಸಾಲೆ ದೋಸೆ ತೆಗೆದುಕೊಂಡು ಕೂತೆವು. ದೊಡ್ಡವಳು ತನ್ನ ತಮ್ಮನ ವಿಷಯ ಹೇಳಿದಳು. ಹೋಮ್ಸ್ ಊರಿನಲ್ಲಿ ಹನ್ನೆರಡು ವರ್ಷದ ಹಿಂದೆ, ಬ್ರೆಡ್ ತರಲು ಹೋದವನನ್ನು ಚೆಕ್‌ಪೋಸ್ಟಿನಲ್ಲಿ ಹಿಡಿದುಕೊಂಡು ಹೋದರಂತೆ. ಎಲ್ಲಿ, ಯಾಕೆ, ಇದ್ದಾನೋ ಇಲ್ಲವೋ, ಯಾರೂ ಹೇಳಲಿಲ್ಲ. ಈಗ ಜೈಲುಗಳ ಬಾಗಿಲು ತೆರೆದಿದ್ದಾರೆ, ಹೊರಗೆ ಬಂದವರ ವಿಡಿಯೋಗಳನ್ನು ಒಂದೊಂದಾಗಿ ನಿಲ್ಲಿಸಿ ಮುಖ ನೋಡುತ್ತಿದ್ದೇನೆ ಎಂದಳು. ಚಿಕ್ಕವಳು ತಟ್ಟೆ ನೋಡುತ್ತಾ ಕೂತಿದ್ದಳು. ವಾಪಸ್ ಬರುವಾಗ ದೊಡ್ಡವಳು ಪಾರ್ಕಿಂಗಿನಲ್ಲಿ ಫೋನಿಗೆ ನಿಂತಳು, ಆಗ ಚಿಕ್ಕವಳು ನನ್ನ ಕಾರಿನಲ್ಲಿ ಕೂತು ಮೆಲ್ಲಗೆ ಹೇಳಿದಳು:

“ಓಡಿಹೋದವನು ನಮ್ಮ ಪಂಗಡದವನು. ನಾನು ಅವನಿಗೆ ವೋಟು ಹಾಕಿಲ್ಲ, ಅವನಿಂದ ನಮ್ಮ ಮನೆಗೆ ಒಂದು ಕರೆಂಟ್ ಕಂಬವೂ ಬರಲಿಲ್ಲ. ಆದರೆ ಈಗ ಸೇಡಿಗೆ ಅವನ ಬದಲು ನಾವೇ ಸಿಗುತ್ತೇವೆ.”

ಏನಾಗುವುದಿಲ್ಲ, ಸುಮ್ಮನೆ ಹೆದರಬೇಡ ಎಂದೆ. ನನಗೆ ಏನು ಗೊತ್ತಿತ್ತು ಎಂದು ಹಾಗೆ ಹೇಳಿದೆನೋ. ಇಬ್ಬರೂ ಮುಸ್ಲಿಮರಾದರೂ ದೊಡ್ಡವಳು ಬಹುಸಂಖ್ಯಾತ ಸುನ್ನಿ, ಚಿಕ್ಕವಳು ಓಡಿಹೋದವನ ಅಲಾವಿ ಪಂಗಡ ಎಂದು ಆರು ವರ್ಷದಲ್ಲಿ ನನಗೆ ಗೊತ್ತಾದದ್ದು ಆವತ್ತೇ.

ಗೊತ್ತಿರಲಿಲ್ಲ ಎಂದು ನಾನು ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳುವಂತಿಲ್ಲ. ಇಲ್ಲಿ ಕನ್ನಡದವರ ಮನೆಯ ಹಬ್ಬದೂಟಕ್ಕೆ ಹೊಸಬರು ಬಂದರೆ ನಾವು ಏನು ಕೇಳುತ್ತೇವೆ? ಯಾವ ಊರು ಎನ್ನುತ್ತೇವೆ. ಆಮೇಲೆ, ನಿಮ್ಮ ತಂದೆ ಏನು ಮಾಡುತ್ತಿದ್ದರು. ಆಮೇಲೆ, ಬಹಳ ಪ್ರೀತಿಯಿಂದ, ನಿಮ್ಮ ಮನೆದೇವರು ಯಾವುದು. ಮೂರನೇ ಪ್ರಶ್ನೆಗೆ ಉತ್ತರ ಬಂದ ಮೇಲೆ ಅವರು ಯಾರು ಎಂದು ತಿಳಿದು, ಎಲ್ಲಿ ಕೂರಿಸಬೇಕು, ಏನು ಮಾತಾಡಬೇಕು ಎಂದು ನಿರ್ಧಾರವಾಗುತ್ತದೆ. ನಾನೂ ಕೇಳಿದ್ದೇನೆ. ಎಷ್ಟೋ ಸಲ ಕೇಳಿದ್ದೇನೆ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಚೆನ್ನಾಗಿ ಗೊತ್ತಿದ್ದವಳು, ಬೇರೆ ದೇಶದವರಲ್ಲಿ ಅಂಥದ್ದೇನೂ ಇರುವುದಿಲ್ಲ ಎಂದು ನಂಬಿಕೊಂಡಿದ್ದೆ.

ಮಾರ್ಚ್ ತಿಂಗಳಲ್ಲಿ ಅವರ ಕರಾವಳಿಯಲ್ಲಿ ಕೊಲೆ ಶುರುವಾಯಿತು. ಹಳೆಯ ಸರ್ಕಾರದ ಸೈನಿಕರು ಕೆಲವರು ಹೊಸ ಪೊಲೀಸರ ಮೇಲೆ ದಾಳಿ ಮಾಡಿದರು. ಅದಕ್ಕೆ ಸೇಡು ಎಂದು ಬಂದೂಕು ಹಿಡಿದವರು ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ, ನೀವು ಯಾವ ಪಂಗಡ ಎಂದು ಕೇಳಿದರಂತೆ. ಉತ್ತರ ಹೇಳಿದ ಚಿಕ್ಕವಳ ಅಣ್ಣನನ್ನು ಅವನ ಮನೆಯ ಮೆಟ್ಟಿಲ ಮೇಲೇ ಕೊಂದರು. ಅವನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವಳ ಅಮ್ಮ, ಅತ್ತಿಗೆ ಮತ್ತು ಅತ್ತಿಗೆಯ ಇಬ್ಬರು ಹೆಣ್ಣುಮಕ್ಕಳನ್ನು ಕೆಳಗಿನ ಮನೆಯ ಸುನ್ನಿ ಮುದುಕ ತನ್ನ ಮನೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದ. ಬಂದವರಿಗೆ, ಇವರು ನನ್ನ ಮನೆಯವರು ಎಂದ. ಅಂದಿನಿಂದ ನಾಲ್ವರೂ ಅಲ್ಲೇ ಅಡಗಿದ್ದರು.

ಚಿಕ್ಕವಳು ಒಂದು ದಿನವೂ ರಜೆ ಹಾಕಲಿಲ್ಲ. ಮನೆಗೆ ಹೋಗು ಎಂದರೆ, ಮನೆಯಲ್ಲಿ ಕೂತು ಫೋನ್ ನೋಡಿದರೆ ನನಗೆ ಹುಚ್ಚು ಹಿಡಿಯುತ್ತದೆ ಎಂದಳು. ಲ್ಯಾಬಿನೊಳಗೆ ಫೋನ್ ತರುವಂತಿಲ್ಲ, ಲಾಕರಿನಲ್ಲಿ ಇಡಬೇಕು. ಗಂಟೆಗೊಂದು ಸಲ ಹೋಗಿ ನೋಡಿ ಬರುತ್ತಿದ್ದಳು. ದೊಡ್ಡವಳು ಅವಳಿಗೆ ಒಂದೇ ಒಂದು ಮಾತು ಹೇಳಲಿಲ್ಲ. ನಿನ್ನ ಅಣ್ಣನ ವಿಷಯ ಕೇಳಿದೆ ಎಂದು ಕೂಡ ಇಲ್ಲ. ಇಬ್ಬರೂ ತಕ್ಕಡಿಯ ಮುಂದೆ ಅಕ್ಕಪಕ್ಕ ನಿಂತು, ತೂಗಿ, ಸಹಿ ಹಾಕಿ, ಬೇರೆ ಬೇರೆ ಮೂಲೆಗೆ ಹೋಗುತ್ತಿದ್ದರು. ನನಗೆ ದೊಡ್ಡವಳ ಮೇಲೆ ಕೋಪ ಬಂದಿತ್ತು. ಇಷ್ಟು ಕಲ್ಲು ಮನಸ್ಸೇ ಇವಳಿಗೆ ಅನ್ನಿಸಿತು.

ನನ್ನ ಮೇಲಿನವರು ಕರೆದು, ಅವರಿಬ್ಬರನ್ನು ಬೇರೆ ಬೇರೆ ಶಿಫ್ಟಿಗೆ ಹಾಕಿ ಎಂದರು. ಆಗುವುದಿಲ್ಲ ಎಂದೆ. ಮನೆಗೆ ಬಂದು ನಮ್ಮವರ ಹತ್ತಿರ ಹೇಳಿಕೊಂಡೆ.

“ನೀನು ಅಲ್ಲಿ ಮ್ಯಾನೇಜರ್ ಕಣೇ. ಯುನೈಟೆಡ್ ನೇಷನ್ಸ್ ಅಲ್ಲ. ಶಿಫ್ಟ್ ಚೇಂಜ್ ಮಾಡಿ ಸುಮ್ನಿರು,” ಎಂದರು ಅವರು.

“ಒಂದ್ಸಲ ಬೇರೆ ಮಾಡಿದ್ರೆ ಮತ್ತೆ ಅವ್ರು ಮುಖ ನೋಡಲ್ಲ ರೀ. ಈಗ ಕನಿಷ್ಠ ಅಕ್ಕಪಕ್ಕ ನಿಲ್ತಾರೆ.”

“ನಿಂತ್ರೆ ಏನಾಗುತ್ತೆ?”

ಶಿಫ್ಟ್ ಪಟ್ಟಿಯನ್ನು ಮುಟ್ಟದೆ ಹಾಗೇ ಬಿಟ್ಟೆ. ಹಠ ಇತ್ತು.

ಎರಡು ದಿನ ಬಿಟ್ಟು ನನ್ನ ಹಠಕ್ಕೆ ಸರಿಯಾದ ಏಟು ಬಿತ್ತು. ಫ್ರಿಜ್ಜಿನಲ್ಲಿರುವ ಬಾಟಲಿಗಳನ್ನು ಎಣಿಸುತ್ತಿದ್ದೆ. ಹೊಸ ಬಾಟಲಿಯೊಂದನ್ನು ಹಿಂದಿನ ದಿನ ತೆರೆದು, ಪುಡಿ ತೂಗಿದೆ ಎಂದು ಚಿಕ್ಕವಳು ಪುಸ್ತಕದಲ್ಲಿ ಬರೆದಿದ್ದಳು. ಪಕ್ಕದಲ್ಲಿ ದೊಡ್ಡವಳ ಸಹಿ. ಆದರೆ ಬಾಟಲಿ ನನ್ನ ಕೈಯಲ್ಲಿತ್ತು, ಸೀಲ್ ಒಡೆದೇ ಇರಲಿಲ್ಲ. ಚಿಕ್ಕವಳು ಅವಧಿ ಮುಗಿದ ಹಳೆಯ ಬಾಟಲಿಯಿಂದ ತೂಗಿ, ಹೊಸದರ ನಂಬರ್ ಬರೆದಿದ್ದಳು. ಅಣ್ಣ ಸತ್ತು ಹತ್ತೇ ದಿನ, ಕೈ ತಪ್ಪಿದೆ, ಅದು ಅರ್ಥವಾಗುತ್ತದೆ. ಆದರೆ ಅಂಥ ತಪ್ಪನ್ನು ಹಿಡಿಯಲೆಂದೇ ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿರುವುದು. ದೊಡ್ಡವಳು ನೋಡದೆ ಸಹಿ ಹಾಕಿದ್ದಳು. ನನ್ನ ಅತ್ಯುತ್ತಮ ಜೋಡಿ.

ಇಂಥ ತಪ್ಪು ಸಿಕ್ಕರೆ ಒಂದು ಫಾರ್ಮ್ ತುಂಬಬೇಕು. ಅದರಲ್ಲಿ ‘ಮೂಲ ಕಾರಣ’ ಎಂದು ಒಂದು ಖಾನೆ ಇರುತ್ತದೆ. ಅದನ್ನು ಕಂಡುಹಿಡಿಯಲು ನಮಗೆ ಕಲಿಸಿಕೊಟ್ಟ ವಿಧಾನ ಎಂದರೆ ಐದು ಸಲ ‘ಯಾಕೆ’ ಎಂದು ಕೇಳುವುದು. ಒಂದು ಉತ್ತರ ಬಂದರೆ ಅದಕ್ಕೆ ಯಾಕೆ, ಅದಕ್ಕೆ ಬಂದ ಉತ್ತರಕ್ಕೆ ಮತ್ತೆ ಯಾಕೆ. ಇಬ್ಬರನ್ನೂ ಚಿಕ್ಕ ಮೀಟಿಂಗ್ ರೂಮಿಗೆ ಕರೆದು, ಬಾಗಿಲು ಹಾಕಿ, ಬಾಟಲಿಯನ್ನು ಮೇಜಿನ ಮೇಲೆ ಇಟ್ಟೆ. ಚಿಕ್ಕವಳು ನೋಡಿದ ಕೂಡಲೇ, “ನನ್ನದೇ ತಪ್ಪು” ಎಂದಳು. ನಾನು ದೊಡ್ಡವಳ ಕಡೆ ತಿರುಗಿದೆ.

“ನೀನು ನಂಬರ್ ಓದಲಿಲ್ಲ. ಯಾಕೆ?”

“ನಾನು ಅಲ್ಲಿ ನಿಂತಿರಲಿಲ್ಲ.”

“ಯಾಕೆ?”

“ಅವಳ ಪಕ್ಕ ನಿಲ್ಲಲು ನನಗೆ ಆಗುತ್ತಿಲ್ಲ.”

“ಯಾಕೆ?”

ಅವಳು ಬಾಟಲಿಯನ್ನು ನನ್ನ ಕಡೆ ತಳ್ಳಿದಳು. “ನಿಂತರೆ ಅವಳ ಅಮ್ಮ ಹೇಗಿದ್ದಾರೆ ಎಂದು ಕೇಳಬೇಕಾಗುತ್ತದೆ.”

“ಕೇಳಬೇಕಪ್ಪ, ಕೇಳು! ಅದಕ್ಕೇನು?” ಎಂದು ನಾನು ಕೂಗಿಯೇಬಿಟ್ಟೆ. ಎಷ್ಟನೇ ಯಾಕೆ ಎಂಬುದು ಅಲ್ಲಿಗೆ ತಪ್ಪಿಹೋಯಿತು.

“ಕೇಳಿದರೆ ಅವಳು ಉತ್ತರ ಹೇಳುತ್ತಾಳೆ. ಉತ್ತರ ಕೇಳಿದ ಮೇಲೆ ನಾನು ಏನಾದರೂ ಮಾಡಬೇಕಾಗುತ್ತದೆ,” ಎಂದಳು ದೊಡ್ಡವಳು. “ನನ್ನ ಅಕ್ಕನ ಮಗ ಅಲ್ಲಿ ಹೊಸ ಪೊಲೀಸಿನಲ್ಲಿದ್ದಾನೆ. ಲೆಬನಾನ್ ಗಡಿಗೆ ಹೋಗುವ ರಸ್ತೆಯಲ್ಲಿ. ಅವಳಿಗೂ ಅದು ಗೊತ್ತು.”

ಚಿಕ್ಕವಳು ತಲೆ ಎತ್ತಲಿಲ್ಲ. “ಗೊತ್ತು. ಅಮ್ಮ ಗಡಿ ದಾಟಲು ಅವನು ದಾರಿ ಬಿಡುತ್ತಾನಾ ಎಂದು ಹತ್ತು ದಿನದಿಂದ ಕೇಳಬೇಕು ಎಂದುಕೊಂಡು ಕೇಳದೆ ಇದ್ದೇನೆ.”

ನನಗೆ ಸಮಾಧಾನವಾಯಿತು. ಸರಿ, ಇದು ಇಷ್ಟೇ ತಾನೆ, ಒಂದು ಫೋನ್ ಮಾಡು, ಮುಗಿಯಿತು ಎಂದೆ. ದೊಡ್ಡವಳು ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ.

“ನಿಮಗೇನು ಮೇಡಂ, ನೀವು ಫಾರ್ಮ್ ತುಂಬುತ್ತೀರಿ. ಅವನಿಗೆ ಇಪ್ಪತ್ತಾರು ವರ್ಷ. ನಮ್ಮ ಮನೆಯಲ್ಲಿ ಉಳಿದಿರುವ ಗಂಡಸು ಅವನೊಬ್ಬನೇ. ಅವನ ಜೊತೆ ನಿಂತಿರುವವರು ಯಾರು ಅಂದುಕೊಂಡಿದ್ದೀರಿ? ಯೂನಿಫಾರ್ಮ್ ಒಂದೇ, ಒಳಗೆ ಹತ್ತು ಗುಂಪು. ಮೂರು ವರ್ಷದ ಹಿಂದೆ ಅವನ ಮೇಲೆ ಗುಂಡು ಹಾರಿಸಿದವನ ಜೊತೆ ಈಗ ಒಂದೇ ಜೀಪಿನಲ್ಲಿ ಕೂರುತ್ತಾನೆ. ಇವನು ಅಲಾವಿಗಳನ್ನು ದಾಟಿಸಿದ ಎಂದು ಒಬ್ಬ ಬಾಯಿ ಬಿಟ್ಟರೆ ಸಾಕು.”

ಕಲ್ಲು ಮನಸ್ಸು ಎಂದುಕೊಂಡಿದ್ದೆನಲ್ಲ, ಅವಳು ಹತ್ತು ದಿನದಿಂದ ಎರಡು ಕಡೆಯ ಪ್ರಾಣವನ್ನೂ ತೂಗುತ್ತಿದ್ದಳು.

ಅವಳು ಅಷ್ಟಕ್ಕೆ ಬಿಡಲಿಲ್ಲ. ಚಿಕ್ಕವಳ ಕಡೆ ತಿರುಗಿ, ಅದುಮಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. “ನನ್ನ ತಮ್ಮನನ್ನು ಹಿಡಿದುಕೊಂಡು ಹೋದಾಗ ನಿಮ್ಮವರು ಯಾರಾದರೂ ಒಂದು ಫೋನ್ ಮಾಡಿದರಾ? ನಿನ್ನ ಅಪ್ಪ ಸೈನ್ಯದಲ್ಲಿದ್ದರು.”

“ನನ್ನ ಅಪ್ಪ ಸೈನ್ಯದ ಅಡುಗೆಮನೆಗೆ ಈರುಳ್ಳಿ ತರುತ್ತಿದ್ದರು,” ಎಂದಳು ಚಿಕ್ಕವಳು. “ಫೋನ್ ಮಾಡಲಿಲ್ಲ. ಹೆದರಿಕೊಂಡು ಸುಮ್ಮನಿದ್ದೆವು. ಅದು ನಿಜ. ನಿನ್ನ ಹತ್ತಿರ ಕ್ಷಮೆ ಕೇಳಿ ನನ್ನ ಅಮ್ಮನನ್ನು ಬಿಡಿಸಿಕೊಳ್ಳುವುದಿಲ್ಲ, ಅದು ವ್ಯಾಪಾರ ಆಗುತ್ತದೆ. ನಿನ್ನ ಅಕ್ಕನ ಮಗ ಅವರನ್ನು ಕರೆದುಕೊಂಡು ಹೋಗಬೇಕಾಗಿಲ್ಲ. ಅವನ ನಂಬಿಕೆಯ ಜನ ಯಾವತ್ತು, ಯಾವ ಹೊತ್ತಿಗೆ ರಸ್ತೆಯಲ್ಲಿ ಇರುತ್ತಾರೆ, ಅಷ್ಟು ಹೇಳಿದರೆ ಸಾಕು. ಕೆಳಗಿನ ಮನೆಯ ಮುದುಕ ಕಾರು ಓಡಿಸುತ್ತಾನೆ. ನೀನು ಆಗುವುದಿಲ್ಲ ಎಂದರೂ ನಾಳೆ ನಿನ್ನ ಪಕ್ಕ ಕೆಲಸಕ್ಕೆ ನಿಲ್ಲುತ್ತೇನೆ. ಆದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳು. ನೋಡದ ಹಾಗೆ ಮಾಡಬೇಡ.”

ದೊಡ್ಡವಳು ಎದ್ದು ಹೋದಳು. ನಾನು ಫಾರ್ಮ್ ಮುಂದೆ ಇಟ್ಟುಕೊಂಡು ಮೂಲ ಕಾರಣದ ಖಾನೆಯಲ್ಲಿ ಏನು ಬರೆಯಲಿ ಎಂದು ಕೂತೆ. ಕೊನೆಗೆ ‘ಸಾಕ್ಷಿಯ ಗಮನ ಬೇರೆಡೆ ಇತ್ತು, ಇಬ್ಬರಿಗೂ ಮರುತರಬೇತಿ ಕೊಡಲಾಗುವುದು’ ಎಂದು ಬರೆದೆ. ಜೋಡಿಯನ್ನು ಬದಲಿಸುವ ಅಗತ್ಯವಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದು ಅದರ ಕೆಳಗೆ ನನ್ನ ಸಹಿ ಹಾಕಿದೆ. ಇನ್ನೊಂದು ಸಲ ಹೀಗಾದರೆ ಜವಾಬ್ದಾರಿ ನಿಮ್ಮದೇ ಎಂದು ಮೇಲಿನವರು ಹೇಳಿದರು. ನನ್ನದೇ, ಬರೆದುಕೊಳ್ಳಿ ಎಂದೆ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ದೊಡ್ಡವಳು ನನ್ನ ಬಾಗಿಲಲ್ಲಿ ನಿಂತಳು. ರಂಜಾನ್ ತಿಂಗಳು, ಅವಳಿಗೆ ಉಪವಾಸ. ಅಲ್ಲಿ ಆಗ ಸಂಜೆ, ಉಪವಾಸ ಬಿಡುವ ಹೊತ್ತು. “ಅವನು ಊಟಕ್ಕೆ ಮನೆಯಲ್ಲಿದ್ದ. ಮಾತಾಡಿದೆ,” ಎಂದಳು. “ಗುರುವಾರ ಮಧ್ಯಾಹ್ನ ಒಂದರಿಂದ ಮೂರು. ಆ ಎರಡು ಗಂಟೆ ಅವನ ಕಡೆಯವರು ನಿಂತಿರುತ್ತಾರೆ. ಮೂರರ ಮೇಲೆ ಅವನು ಹೊಣೆಯಲ್ಲ. ಅವಳನ್ನು ಕರೆಯಿರಿ. ಅವಳ ಅಮ್ಮನ ಹತ್ತಿರ ನಾನು ಮಾತಾಡಬೇಕು.”

ಮತ್ತೆ ಅದೇ ಚಿಕ್ಕ ರೂಮು. ಚಿಕ್ಕವಳು ವಿಡಿಯೋ ಕಾಲ್ ಮಾಡಿ ಫೋನನ್ನು ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿ ಬಟ್ಟೆಯನ್ನು ತಲೆಯ ಹಿಂದೆ ಗಂಟು ಹಾಕಿದ್ದರು, ಮುಂದೆ ನರೆಗೂದಲು ಕಾಣುತ್ತಿತ್ತು. ದೊಡ್ಡವಳು ಅರಬ್ಬಿಯಲ್ಲಿ ಮಾತಾಡಿದ್ದನ್ನು ಚಿಕ್ಕವಳು ಆಮೇಲೆ ನನಗೆ ಹೇಳಿದಳು. “ಅಮ್ಮಾ, ಆ ಗಂಟು ನೋಡಿದರೆ ನೂರು ಅಡಿ ದೂರದಿಂದಲೇ ನೀವು ಯಾರು ಎಂದು ಗೊತ್ತಾಗುತ್ತದೆ. ಬಿಚ್ಚಿ. ನಮ್ಮವರು ಹೇಗೆ ಕಟ್ಟುತ್ತಾರೆ ತೋರಿಸುತ್ತೇನೆ.” ಹಾಗೆಂದು ದೊಡ್ಡವಳು ತನ್ನ ತಲೆವಸ್ತ್ರದ ಪಿನ್ನು ತೆಗೆದಳು. ಆರು ವರ್ಷದಲ್ಲಿ ಅವಳ ಕೂದಲನ್ನು ನಾನು ನೋಡಿರಲೇ ಇಲ್ಲ, ಪೂರ್ತಿ ಬೆಳ್ಳಗಾಗಿತ್ತು. ವಸ್ತ್ರವನ್ನು ಹಣೆಯ ಮೇಲೆ ಎಳೆದು, ಗಲ್ಲದ ಕೆಳಗೆ ತಂದು, ಸುತ್ತಿ, ಪಿನ್ನು ಹಾಕಿ ತೋರಿಸಿದಳು. ಅಲ್ಲಿ ಆ ಅಮ್ಮ ಹಾಗೇ ಮಾಡಿದರು. ಸರಿಯಾಗಲಿಲ್ಲ. ದೊಡ್ಡವಳು ಬಿಚ್ಚಿ ಮತ್ತೆ ತೋರಿಸಿದಳು. ನಾಲ್ಕು ಸಲ ಮಾಡಿಸಿದಳು. ನಾಲ್ಕನೇ ಸಲ, ಸರಿ ಎಂದು ತಲೆ ಆಡಿಸಿದಳು.

“ದಾರಿಯಲ್ಲಿ ಬಾಯಿ ಬಿಡಬೇಡಿ. ನಿಮ್ಮ ಕಡೆಯ ಮಾತು ಒಂದೇ ಶಬ್ದಕ್ಕೆ ಗೊತ್ತಾಗುತ್ತದೆ. ನೆಗಡಿ, ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ. ಮಕ್ಕಳು ನಿದ್ದೆ ಮಾಡುತ್ತಿರಲಿ,” ಎಂದಳು.

ಆ ಅಮ್ಮ ಹೂಂ ಹೂಂ ಎಂದು ಕೇಳಿಸಿಕೊಂಡರು. ಆಮೇಲೆ, ಹೊರಟ ಅತಿಥಿಯನ್ನು ಬಾಗಿಲ ತನಕ ಬಂದು ವಿಚಾರಿಸುವವರ ಹಾಗೆ, “ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ ಮಗಳೇ?” ಎಂದರು.

ಎಲ್ಲರೂ ಕ್ಷೇಮ ಎಂದು ಹೇಳುವುದು ಪದ್ಧತಿ. ದೊಡ್ಡವಳು ಹೇಳಲಿಲ್ಲ. “ಒಬ್ಬ ತಮ್ಮ ಇನ್ನೂ ಮನೆಗೆ ಬಂದಿಲ್ಲ,” ಎಂದಳು. “ಹನ್ನೆರಡು ವರ್ಷವಾಯಿತು.”

ಆ ಅಮ್ಮ ಫೋನಿಗೆ ಹತ್ತಿರ ಬಂದರು. “ಅವನ ಹೆಸರೇನು?”

ದೊಡ್ಡವಳು ಹೆಸರು ಹೇಳಿದಳು. ಆ ಅಮ್ಮ ಆ ಹೆಸರನ್ನು ತಿರುಗಿ ಹೇಳಿದರು. ಅಪ್ಪನ ಹೆಸರು ಕೇಳಿದರು, ಅದನ್ನೂ ಸೇರಿಸಿ ಹೇಳಿದರು. ದೊಡ್ಡವಳು ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡು ರೂಮಿನಿಂದ ಹೊರಗೆ ಹೋದಳು. ಹನ್ನೆರಡು ವರ್ಷದಲ್ಲಿ ಚಿಕ್ಕವಳ ಪಂಗಡದವರು ಯಾರೂ ಅವನ ಹೆಸರು ಕೇಳಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಗುರುವಾರ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನೇ ನಿಯಮ ಮುರಿದೆ. ಚಿಕ್ಕವಳ ಫೋನನ್ನು ಲಾಕರಿನಿಂದ ತರಿಸಿ, ನನ್ನ ಮೇಜಿನ ಮೇಲೆ ಇಟ್ಟುಕೊಂಡೆ, ಗಾಜಿನ ಕಿಟಕಿಯಿಂದ ಅವಳಿಗೆ ಕಾಣುವ ಹಾಗೆ. ಅಲ್ಲಿಯ ಮೂರು ಗಂಟೆ ಎಂದರೆ ನಮಗೆ ಬೆಳಿಗ್ಗೆ ಎಂಟು. ಸುದ್ದಿ ಇರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಇಬ್ಬರೂ ತಕ್ಕಡಿಯ ಮುಂದೆ ಇದ್ದರು. ಚಿಕ್ಕವಳು ತೂಗುತ್ತಿದ್ದಳು, ದೊಡ್ಡವಳು ಪಕ್ಕದಲ್ಲಿ ನಿಂತು ಪ್ರತಿ ಬಾಟಲಿಯ ನಂಬರನ್ನೂ ಗಟ್ಟಿಯಾಗಿ ಎರಡೆರಡು ಸಲ ಓದುತ್ತಿದ್ದಳು, ಬಾಗಿಲು ಮುಚ್ಚಿದ್ದರೂ ನನಗೆ ಕೇಳುತ್ತಿತ್ತು. ನಾನು ದೇವರನ್ನು ಬೇಡಿಕೊಂಡೆ, ನಡುನಡುವೆ ಬೈದೂ ಬೈದೆ. ಹತ್ತೂಕಾಲಿಗೆ ಫೋನ್ ಅಲುಗಾಡಿತು. ನಾನು ಎದ್ದು ನಿಂತದ್ದನ್ನು ನೋಡಿ ಚಿಕ್ಕವಳು ಗ್ಲೌಸ್ ಕಿತ್ತುಹಾಕಿ ಓಡಿಬಂದಳು.

ದಾಟಿದ್ದರು. ಮೊಣಕಾಲುದ್ದ ನೀರಿನ ನದಿಯನ್ನು ನಡೆದು ದಾಟಿದ್ದರು, ಆ ಕಡೆ ಲೆಬನಾನ್. ಮುದುಕ ನೀರಿನ ತನಕ ಬಂದು, ಕಾರು ತಿರುಗಿಸಿಕೊಂಡು ವಾಪಸ್ ಹೋಗಿದ್ದ.

ಚಿಕ್ಕವಳು ಲ್ಯಾಬಿಗೆ ಮರಳಿ ದೊಡ್ಡವಳ ಮುಂದೆ ನಿಂತಳು. “ದಾಟಿದರು. ನಾನು ಥ್ಯಾಂಕ್ಸ್ ಹೇಳುವುದಿಲ್ಲ. ನನ್ನ ಅಣ್ಣನನ್ನು ಕೊಂದವರು ಅದೇ ಯೂನಿಫಾರ್ಮಿನಲ್ಲಿದ್ದರು.”

“ನಾನು ಕೇಳಲಿಲ್ಲ,” ಎಂದಳು ದೊಡ್ಡವಳು. “ಹೊಸ ಗ್ಲೌಸ್ ಹಾಕಿಕೋ. ಇನ್ನೂ ಮೂರು ಬಾಟಲಿ ಇದೆ.”

ಇದಾದ ಮೇಲೆ ಅವರು ಅಕ್ಕತಂಗಿಯರಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಏಪ್ರಿಲ್‌ನಲ್ಲಿ ದೊಡ್ಡವಳ ಅಕ್ಕನ ಮಗನನ್ನು ಆ ರಸ್ತೆಯಿಂದ ತೆಗೆದು ದೂರದ ಪೂರ್ವಕ್ಕೆ ಹಾಕಿದರು. ಯಾಕೆ ಎಂದು ಹೇಳಲಿಲ್ಲ. ಅವಳು ನನ್ನನ್ನು ದೂರಲಿಲ್ಲ, ಆದರೆ ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ನನ್ನ ಹಠಕ್ಕೆ ಇನ್ನೊಬ್ಬರ ಮಗ ಬೆಲೆ ಕೊಡಬಹುದಿತ್ತು. ಆದರೂ ಮತ್ತೆ ಅದೇ ಸಂದರ್ಭ ಬಂದರೆ ಅವರಿಬ್ಬರನ್ನು ಬೇರೆ ಮಾಡುತ್ತಿದ್ದೆನೇ? ಇಲ್ಲ. ಬೇಸಿಗೆಯಲ್ಲಿ ಅವರ ದೇಶದ ದಕ್ಷಿಣದಲ್ಲಿ ಇನ್ನೊಂದು ಪಂಗಡದವರ ಸರದಿ ಬಂತು. ಆಗಲೂ ಇಬ್ಬರೂ ಅಕ್ಕಪಕ್ಕ ನಿಂತಿದ್ದರು, ಆ ವಿಷಯ ಎತ್ತದೆ.

ಅವರ ನಡುವೆ ಕೆಲಸ ಬಿಟ್ಟು ಇರುವ ಮಾತು ಒಂದೇ. ಲೆಬನಾನಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿರುವ ಆ ಅಮ್ಮ ಪ್ರತಿ ಶುಕ್ರವಾರ ಮಗಳಿಗೆ ಫೋನ್ ಮಾಡುತ್ತಾರೆ, ಪ್ರತಿ ಶುಕ್ರವಾರ ಆ ಹುಡುಗ ಸಿಕ್ಕಿದನೇ ಎಂದು ಅವನ ಪೂರ್ತಿ ಹೆಸರು ಹೇಳಿ ಕೇಳುತ್ತಾರೆ. ಚಿಕ್ಕವಳಿಗೆ ಅದನ್ನು ಹೊತ್ತು ತರುವುದು ಇಷ್ಟವಿಲ್ಲ. ಆದರೂ ತರುತ್ತಾಳೆ. ತೂಕ ಮುಗಿದು ಪುಸ್ತಕ ಮುಚ್ಚುವಾಗ, “ಅಮ್ಮ ಕೇಳಿದಳು” ಎನ್ನುತ್ತಾಳೆ. ದೊಡ್ಡವಳು, “ಇಲ್ಲ ಅಂತ ಹೇಳು” ಎನ್ನುತ್ತಾಳೆ.

ಅಕ್ಟೋಬರಿನಲ್ಲಿ ಚಿಕ್ಕವಳು ಅಮ್ಮನನ್ನು ನೋಡಲು ಎರಡು ವಾರ ರಜೆ ಹಾಕಿ ಹೋದಳು. ತಕ್ಕಡಿಯ ಪಕ್ಕ ನಾನೇ ಎರಡನೇ ಸಹಿಗೆ ನಿಂತೆ. ಮೊದಲ ಶುಕ್ರವಾರ ಕೆಲಸ ಮುಗಿಯಿತು, ಪುಸ್ತಕ ಮುಚ್ಚಿದೆ, ದೊಡ್ಡವಳು ಹೋಗಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಇನ್ನೇನು ಮನೆಗೆ ಹೊರಡು, ನಿನಗೆ ಪ್ಯಾಟರ್ಸನ್ ತನಕ ಟ್ರಾಫಿಕ್ ಸಿಗುತ್ತದೆ ಎಂದೆ.

“ಈ ವಾರ ಯಾರೂ ಕೇಳಲಿಲ್ಲ,” ಎಂದಳು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವನ ಹೆಸರು ನನಗೆ ಗೊತ್ತಿತ್ತು, ಆ ದಿನ ಆ ರೂಮಿನಲ್ಲಿ ಕೇಳಿದ್ದೆ, ಆದರೆ ನನ್ನ ಬಾಯಿಂದ ಒಂದು ಸಲವೂ ಹೇಳಿರಲಿಲ್ಲ. ಆ ಅಮ್ಮ ಹೇಳಿದ ಹಾಗೆಯೇ, ಅಪ್ಪನ ಹೆಸರನ್ನೂ ಸೇರಿಸಿ, ತಪ್ಪು ಉಚ್ಚಾರಣೆಯಲ್ಲಿ, ಅವನು ಸಿಕ್ಕಿದನೇ ಎಂದು ಕೇಳಿದೆ.

“ಇಲ್ಲ,” ಎಂದಳು. ಕೋಟು ಹಾಕಿಕೊಂಡು ಹೊರಟಳು.